ಸಣ್ಣ ದೇಶಗಳು ಮತ್ತು ಮಾನವ ಹಕ್ಕುಗಳ ಚರಿತ್ರೆ: ದಾವಣಗೆರೆ, ಚಿತ್ರದುರ್ಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ 10 ಬಂತೆಂದರೆ ನಮ್ಮ ಎರಡೂ ಜಿಲ್ಲೆಗಳ ಕಾಲೇಜು, ಹಾಸ್ಟೆಲ್, ವಕೀಲರ ಸಂಘಗಳಲ್ಲಿ ಮಾನವ ಹಕ್ಕುಗಳ ದಿನಾಚರಣೆ ನಡೆಯುತ್ತದೆ. ಅಲ್ಲಿ ನಾನು ಹೆಚ್ಚಾಗಿ ಮಾತಾಡುವುದು ಒಂದೇ ವಿಷಯ: ಈ ಚರಿತ್ರೆಯಲ್ಲಿ ಸಣ್ಣ ದೇಶಗಳು ಮಾಡಿದ ಕೆಲಸ. ಕಾರ್ಯಕ್ರಮ ಮುಗಿದ ಮೇಲೆ ಟೀ ಕುಡಿಯುತ್ತ ಕೇಳಿದ್ದು, ಆಮೇಲೆ ಪತ್ರದಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕೇಳಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲ ಹಂತದ ಪ್ರಶ್ನೆಗಳು

"ಸಣ್ಣ ದೇಶ ಅಂದ್ರೆ ಎಷ್ಟು ಸಣ್ಣದು ಮೇಡಂ? ನಮ್ಮ ಜಿಲ್ಲೆಯಷ್ಟಾ?"

ಹೌದು, ಕೆಲವು ಅಷ್ಟೇ. ಜಮೈಕ 1962ರಲ್ಲಿ ಸ್ವತಂತ್ರವಾದಾಗ ಅದರ ಜನಸಂಖ್ಯೆ ಸುಮಾರು 16 ಲಕ್ಷ. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಪೆಸಿಫಿಕ್ ಸಾಗರದ ವನುವಾಟು ದ್ವೀಪಗಳಲ್ಲಿ ಇರುವವರೆಲ್ಲ ಸೇರಿದರೂ ದಾವಣಗೆರೆ ನಗರದಷ್ಟು ಜನ ಆಗುವುದಿಲ್ಲ. ಆಫ್ರಿಕದ ಗ್ಯಾಂಬಿಯಾ ವಿಸ್ತೀರ್ಣದಲ್ಲಿ ಚಿತ್ರದುರ್ಗ ಜಿಲ್ಲೆಗಿಂತ ದೊಡ್ಡದು, ಆದರೆ ಎರಡು ಜಿಲ್ಲೆ ಕೂಡಿಸಿದರೆ ನಾವೇ ದೊಡ್ಡವರು.

ಆದರೆ ನಾನು 'ಸಣ್ಣ' ಎನ್ನುವಾಗ ಬರೀ ನಕ್ಷೆ ನೋಡಿ ಹೇಳುವುದಿಲ್ಲ. ಚಿಲಿ, ಬೊಲಿವಿಯಾ ಭೂಪಟದಲ್ಲಿ ದೊಡ್ಡದಾಗಿಯೇ ಕಾಣುತ್ತವೆ. ಅಣುಬಾಂಬು, ವೀಟೊ ಅಧಿಕಾರ, ಸಾಲ ಕೊಡುವ ಶಕ್ತಿ ಈ ಮೂರೂ ಇಲ್ಲದ ದೇಶ ಎಂಬರ್ಥದಲ್ಲಿ ಓದಿಕೊಳ್ಳಿ.

"ಹಕ್ಕು ಅನ್ನೋದೆಲ್ಲ ಅಮೆರಿಕ, ಫ್ರಾನ್ಸ್, ಇಂಗ್ಲೆಂಡಿನವರು ಕೊಟ್ಟಿದ್ದು ಅಂತ ಪುಸ್ತಕದಲ್ಲಿದೆ. ತಪ್ಪಾ?"

ಅರ್ಧ ಸತ್ಯ. 1789ರಲ್ಲಿ ಮನುಷ್ಯನ ಹಕ್ಕುಗಳನ್ನು ಸಾರಿದ ಫ್ರಾನ್ಸಿನ ಕೈಯಲ್ಲೇ ಹೈಟಿ ದ್ವೀಪದ ಲಕ್ಷಾಂತರ ಆಫ್ರಿಕನ್ನರು ಕಬ್ಬಿನ ಗದ್ದೆಗಳಲ್ಲಿ ಗುಲಾಮರಾಗಿದ್ದರು. ಅವರು ದಂಗೆಯೆದ್ದು ಹೋರಾಡಿ 1804ರ ಜನವರಿ 1ರಂದು ಸ್ವತಂತ್ರರಾದರು. ಮರುವರ್ಷದ ಅವರ ಸಂವಿಧಾನ ಗುಲಾಮಗಿರಿಯನ್ನು ಶಾಶ್ವತವಾಗಿ ರದ್ದು ಮಾಡಿತು. ಬ್ರಿಟನ್ ತನ್ನ ವಸಾಹತುಗಳಲ್ಲಿ ಆ ಕಾನೂನು ತಂದದ್ದು 1833ರಲ್ಲಿ, ಅಮೆರಿಕ 1865ರಲ್ಲಿ. 1816ರಲ್ಲಿ ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರ್ ಆಸರೆ ಕೇಳಿಕೊಂಡು ಬಂದಾಗ ಹೈಟಿಯ ಅಧ್ಯಕ್ಷ ಪೆಟಿಯೋನ್ ಬಂದೂಕು, ಹಡಗು ಕೊಟ್ಟು ಒಂದೇ ಷರತ್ತು ಹಾಕಿದ: ಗೆದ್ದ ನೆಲದಲ್ಲಿ ಗುಲಾಮರನ್ನು ಬಿಡುಗಡೆ ಮಾಡಬೇಕು.

ಇದಕ್ಕೆ ಹೈಟಿ ತೆತ್ತ ದಂಡ ಕೇಳಿ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ತನ್ನ ತೋಟದ ಮಾಲೀಕರ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೇಳಿತು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು. ಬಿಡುಗಡೆಯಾದ ಗುಲಾಮನೇ ಒಡೆಯನಿಗೆ ಪರಿಹಾರ ಕಟ್ಟಬೇಕಾಯಿತು. ಹೈಟಿಯ ಬಡತನದ ಬಗ್ಗೆ ಮಾತಾಡುವವರು ಈ ಸಾಲವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

"1948ರ ಘೋಷಣೆ ಬರೆದಿದ್ದು ಎಲೀನರ್ ರೂಸ್‌ವೆಲ್ಟ್ ಅಲ್ವಾ? ಗೈಡ್‌ನಲ್ಲಿ ಹಾಗೇ ಇದೆ."

ಅಮೆರಿಕದ ಎಲೀನರ್ ಅವರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆ. ಆ ಕೆಲಸವನ್ನು ಅವರು ಚೆನ್ನಾಗಿ ನಿಭಾಯಿಸಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಎನ್ನುವ ಆ ಪತ್ರವನ್ನು ಒಬ್ಬರು ಬರೆದದ್ದಲ್ಲ. ಮೊದಲ ಕರಡು ಸಿದ್ಧಪಡಿಸಿದವರು ವಿಶ್ವಸಂಸ್ಥೆಯ ಸಿಬ್ಬಂದಿಯಲ್ಲಿದ್ದ ಕೆನಡಾದ ಜಾನ್ ಹಂಫ್ರಿ. ಅವರ ಮುಂದೆ ಇದ್ದ ಸಾಮಗ್ರಿಯಲ್ಲಿ ಪನಾಮ ಸಲ್ಲಿಸಿದ್ದ ಕರಡು, ಚಿಲಿಯ ಕರಡು, ಲ್ಯಾಟಿನ್ ಅಮೆರಿಕದ ಸಂವಿಧಾನಗಳು ಇದ್ದವು.

ಅದಕ್ಕೂ ಹಿಂದಿನ ಕಥೆ ಇನ್ನೂ ಮುಖ್ಯ. 1944ರಲ್ಲಿ ದೊಡ್ಡ ಶಕ್ತಿಗಳು ಅಮೆರಿಕದ ಡಂಬಾರ್ಟನ್ ಓಕ್ಸ್‌ನಲ್ಲಿ ಕೂತು ವಿಶ್ವಸಂಸ್ಥೆಯ ಕರಡು ಮಾಡಿದಾಗ ಮಾನವ ಹಕ್ಕುಗಳ ಪ್ರಸ್ತಾಪ ಇದ್ದದ್ದು ಒಂದೇ ಒಂದು ಕಡೆ. 1945ರ ಸ್ಯಾನ್‌ಫ್ರಾನ್ಸಿಸ್ಕೊ ಸಮ್ಮೇಳನದಲ್ಲಿ ಲ್ಯಾಟಿನ್ ಅಮೆರಿಕದ ದೇಶಗಳು, ಫಿಲಿಪ್ಪೀನ್ಸ್ ಮುಂತಾದವು ಪಟ್ಟು ಹಿಡಿದದ್ದರಿಂದ ವಿಶ್ವಸಂಸ್ಥೆಯ ಸ್ಥಾಪನಾ ಪತ್ರವಾದ ಸನ್ನದಿನ ಉದ್ದಕ್ಕೂ ಆ ಮಾತು ಸೇರಿತು. ಹಕ್ಕುಗಳ ಪೂರ್ತಿ ಪಟ್ಟಿಯನ್ನೇ ಸನ್ನದಿನೊಳಗೆ ಸೇರಿಸಿ ಎಂದು ಪನಾಮ ಕೇಳಿತು. ಅದು ಆಗಲಿಲ್ಲ, ಆದರೆ ಬೇಡಿಕೆ ಸಾಯಲೂ ಇಲ್ಲ. ಇದೇ ಲ್ಯಾಟಿನ್ ಅಮೆರಿಕದ ದೇಶಗಳು ಅಮೆರಿಕ ಖಂಡಗಳ ಮಟ್ಟಿಗೆ ಹಕ್ಕುಗಳ ಘೋಷಣೆಯೊಂದನ್ನು 1948ರಲ್ಲಿ ಬೊಗೊಟಾದಲ್ಲಿ ಅಂಗೀಕರಿಸಿದ್ದು ವಿಶ್ವಸಂಸ್ಥೆಯ ಘೋಷಣೆಗಿಂತ ಏಳು ತಿಂಗಳು ಮೊದಲು.

1948ರ ಶರತ್ಕಾಲ, ಪ್ಯಾರಿಸ್. ಎಲ್ಲ ಸದಸ್ಯ ದೇಶಗಳೂ ಕೂರುವ ವಿಶ್ವಸಂಸ್ಥೆಯ ಮಹಾಸಭೆಯ ಮೂರನೇ ಸಮಿತಿ ಕರಡನ್ನು ಕೈಗೆತ್ತಿಕೊಂಡು ಒಂದೊಂದು ವಿಧಿ, ಒಂದೊಂದು ಸಾಲನ್ನು 80ಕ್ಕೂ ಹೆಚ್ಚು ಬೈಠಕ್‌ಗಳಲ್ಲಿ ಜಾಲಾಡಿತು. ಅಧ್ಯಕ್ಷ ಪೀಠದಲ್ಲಿ ಇದ್ದವರು ಲೆಬನಾನಿನ ತತ್ವಶಾಸ್ತ್ರದ ಮೇಷ್ಟ್ರು ಚಾರ್ಲ್ಸ್ ಮಲಿಕ್. ಆಹಾರ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆ ಇವೂ ಹಕ್ಕುಗಳೇ ಎಂದು ಬಿಡದೆ ವಾದಿಸಿದವರು ಚಿಲಿಯ ಎರ್ನಾನ್ ಸಾಂತಾ ಕ್ರೂಸ್. ಹಕ್ಕಿಗೆ ಚ್ಯುತಿ ಬಂದವನು ಕೋರ್ಟಿನ ಕಟ್ಟೆ ಹತ್ತಿ ಪರಿಹಾರ ಪಡೆಯಬಹುದು ಎನ್ನುವ 8ನೇ ವಿಧಿ ಬಂದದ್ದು ಮೆಕ್ಸಿಕೊ ಮತ್ತಿತರ ಲ್ಯಾಟಿನ್ ಅಮೆರಿಕದ ದೇಶಗಳಿಂದ. ನಮ್ಮ ಸಂವಿಧಾನದ 32ನೇ ವಿಧಿ ಓದಿದವರಿಗೆ ಅದರ ಬೆಲೆ ಗೊತ್ತು. ಡೆನ್ಮಾರ್ಕಿನ ಬೋಡಿಲ್ ಬೇಟ್ರುಪ್, ಡೊಮಿನಿಕನ್ ಗಣರಾಜ್ಯದ ಮಿನರ್ವಾ ಬರ್ನಾರ್ದಿನೊ, ಪಾಕಿಸ್ತಾನದ ಶಾಯಿಸ್ತಾ ಇಕ್ರಾಮುಲ್ಲಾ ಹೆಂಗಸರ ಹಕ್ಕು ಎಲ್ಲೂ ಜಾರಿಹೋಗದಂತೆ ಕಾದರು. ಶಾಯಿಸ್ತಾ ಅವರು ಮದುವೆಯ ವಿಧಿಯ ಚರ್ಚೆಯಲ್ಲಿ ಬಾಲ್ಯವಿವಾಹದ ಮಾತೆತ್ತಿದರು. ನಮ್ಮ ಹಳ್ಳಿಗಳಲ್ಲಿ ಇಂದೂ ಮಕ್ಕಳ ಸಹಾಯವಾಣಿಗೆ ಹೋಗುವ ಕರೆಗಳನ್ನು ನೆನೆದರೆ ಆ ಮಾತು ಎಷ್ಟು ನಮ್ಮದು ಅನಿಸುತ್ತದೆ.

ಸಮಿತಿಯ ಪರವಾಗಿ ಅಂತಿಮ ಪಠ್ಯವನ್ನು ಮಹಾಸಭೆಯ ಮುಂದಿಟ್ಟವರು ಹೈಟಿಯ ಎಮಿಲ್ ಸೇಂ-ಲೋ. ಒಂದೂವರೆ ಶತಮಾನದ ಹಿಂದೆ ಫ್ರಾನ್ಸಿನ ಗುಲಾಮರಾಗಿದ್ದವರ ವಂಶದ ವಕೀಲ, ಫ್ರಾನ್ಸಿನ ರಾಜಧಾನಿಯಲ್ಲಿ ನಿಂತು, ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಎನ್ನುವ ಪತ್ರವನ್ನು ಜಗತ್ತಿನ ಮುಂದೆ ಇಟ್ಟರು. ಮತ ಬಿದ್ದದ್ದು ಹೀಗೆ: ಪರ 48, ವಿರೋಧ ಸೊನ್ನೆ, ತಟಸ್ಥ 8.

"ಇದರಲ್ಲಿ ಭಾರತ ಎಲ್ಲಿದೆ? ನಮ್ಮ ಮೈಸೂರಿನವರು ಯಾರಾದ್ರೂ ಇದ್ರಾ?"

ಭಾರತ ಸಣ್ಣ ದೇಶವಲ್ಲ. ಆದರೆ 1946ರಲ್ಲಿ ಇನ್ನೂ ಸ್ವಾತಂತ್ರ್ಯವೇ ಬರದ, ತನ್ನದೇ ಸೈನ್ಯದ ಮೇಲೂ ಹಿಡಿತವಿಲ್ಲದ ದೇಶ. ಹಾಗಿದ್ದೂ ಆ ವರ್ಷ ವಿಜಯಲಕ್ಷ್ಮಿ ಪಂಡಿತರು ದಕ್ಷಿಣ ಆಫ್ರಿಕದ ಭಾರತೀಯರ ಮೇಲಿನ ತಾರತಮ್ಯವನ್ನು ಮಹಾಸಭೆಗೆ ಒಯ್ದು ಗೆದ್ದರು. ಅದು ನಮ್ಮ ಆಂತರಿಕ ವಿಷಯ ಎಂಬ ದಕ್ಷಿಣ ಆಫ್ರಿಕದ ವಾದ ನಡೆಯಲಿಲ್ಲ. ಅದೇ ಅಧಿವೇಶನದಲ್ಲಿ ನರಮೇಧವನ್ನು ಅಂತರರಾಷ್ಟ್ರೀಯ ಅಪರಾಧವೆಂದು ಸಾರುವ ನಿರ್ಣಯವನ್ನು ಮಂಡಿಸಿದ ಮೂರು ದೇಶಗಳು ಕ್ಯೂಬಾ, ಪನಾಮ ಮತ್ತು ಭಾರತ. ಘೋಷಣೆಯ 1ನೇ ವಿಧಿ ಗಂಡಸರನ್ನಷ್ಟೇ ಹೆಸರಿಸದೆ ಮನುಷ್ಯರೆಲ್ಲರನ್ನೂ ಒಳಗೊಳ್ಳಬೇಕೆಂದು ಹಟ ಹಿಡಿದವರು ಹಂಸಾ ಮೆಹ್ತಾ.

ಮೈಸೂರಿನ ನಂಟೂ ಇದೆ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1946ರ ಫೆಬ್ರುವರಿಯಲ್ಲಿ ಮಾನವ ಹಕ್ಕುಗಳ ಆಯೋಗವನ್ನು ಸ್ಥಾಪಿಸಿದ್ದು ಇದೇ ಮಂಡಳಿ. ಅದೇ ವರ್ಷ ಅವರು ಮೈಸೂರು ಸಂಸ್ಥಾನದ ದಿವಾನರಾದರು. ಆಗ ಚಿತ್ರದುರ್ಗ ಮೈಸೂರಿನ ಒಂದು ಜಿಲ್ಲೆ, ದಾವಣಗೆರೆ ಅದರೊಳಗಿನ ಊರು. ಅಂದರೆ ನಮ್ಮ ಅಜ್ಜಂದಿರನ್ನು ಆಳಿದ ಕೊನೆಯ ದಿವಾನರು ಅವರೇ.

"ಪರೀಕ್ಷೆಗೆ ಒಂದೇ ಹೆಸರು ನೆನಪಿಟ್ಕೋ ಅಂದ್ರೆ ಯಾರದ್ದು?"

ಎರ್ನಾನ್ ಸಾಂತಾ ಕ್ರೂಸ್, ಚಿಲಿ. 22ರಿಂದ 27ನೇ ವಿಧಿಗಳ ಮೇಲೆ ಪ್ರಶ್ನೆ ಬಂದರೆ ಈ ಹೆಸರು ಬರೆಯಿರಿ. ಎರಡನೆಯದಕ್ಕೆ ಜಾಗವಿದ್ದರೆ ಹಂಸಾ ಮೆಹ್ತಾ.

## ಸ್ವಲ್ಪ ತಿಳಿದವರು ಕೇಳುವ ಪ್ರಶ್ನೆಗಳು

"ಸೈನ್ಯ ಇಲ್ಲ, ದುಡ್ಡಿಲ್ಲ. ಇಂಥವರ ಮಾತು ಯಾರು ಕೇಳ್ತಾರ್ರೀ?"

ಬಲ ಇದ್ದವನಿಗೆ ಕಾನೂನು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಬಲ ಇಲ್ಲದವನಿಗೆ ಕಾನೂನು ಬಿಟ್ಟರೆ ಬೇರೆ ಆಸರೆ ಇಲ್ಲ. ಹಾಗಾಗಿಯೇ ಸಣ್ಣ ದೇಶಗಳು ಕಾನೂನು ಬರೆಯುವ ಕೆಲಸಕ್ಕೆ ಅಷ್ಟು ಶ್ರದ್ಧೆಯಿಂದ ಕೂತವು ಎಂಬುದು ನನ್ನ ನಂಬಿಕೆ. ಮಹಾಸಭೆಯಲ್ಲಿ ಅಮೆರಿಕಕ್ಕೂ ಒಂದೇ ಮತ, ವನುವಾಟುವಿಗೂ ಒಂದೇ ಮತ. ಕರಡು ಸಮಿತಿಯಲ್ಲಿ ಚೆನ್ನಾಗಿ ಓದಿಕೊಂಡು ಬಂದವನ ತಿದ್ದುಪಡಿ ಉಳಿಯುತ್ತದೆ. ಆಮೇಲೆ ಬೇಕಾದದ್ದು ತಾಳ್ಮೆ.

ಕೋಸ್ಟರಿಕಾದ ತಾಳ್ಮೆ ನೋಡಿ. 1948ರಲ್ಲಿ ಸೈನ್ಯವನ್ನೇ ರದ್ದು ಮಾಡಿದ ದೇಶ ಅದು. ಮಾನವ ಹಕ್ಕುಗಳಿಗೆಂದೇ ವಿಶ್ವಸಂಸ್ಥೆಯಲ್ಲಿ ಒಬ್ಬ ಹೈಕಮಿಷನರ್ ಬೇಕು ಎಂದು 1965ರಲ್ಲಿ ಪ್ರಸ್ತಾವ ಇಟ್ಟಿತು. ಶೀತಲ ಸಮರದ ಕಾಲ, ಯಾರೂ ಕಿವಿಗೊಡಲಿಲ್ಲ. ಹುದ್ದೆ ಸೃಷ್ಟಿಯಾದದ್ದು 1993ರ ಡಿಸೆಂಬರ್ 20ರಂದು, 28 ವರ್ಷಗಳ ನಂತರ. ಜೈಲುಗಳಿಗೆ ಸ್ವತಂತ್ರ ತಂಡ ಹೋಗಿ ಚಿತ್ರಹಿಂಸೆ ನಡೆಯದಂತೆ ತಪಾಸಣೆ ಮಾಡಬೇಕು ಎನ್ನುವ ಕರಡನ್ನೂ ಅದೇ ದೇಶ 1980ರಲ್ಲಿ ಸಲ್ಲಿಸಿತ್ತು. ಅದು ಅಂಗೀಕಾರವಾದದ್ದು 2002ರಲ್ಲಿ.

"ಜಮೈಕ ಅಂದ್ರೆ ಕ್ರಿಕೆಟ್, ಓಟ. ಹಕ್ಕಿಗೂ ಅದಕ್ಕೂ ಏನು ಸಂಬಂಧ?"

ಹೋಲ್ಡಿಂಗ್, ವಾಲ್ಷ್, ಬೋಲ್ಟ್ ಗೊತ್ತಿರುವ ನಮ್ಮ ಹುಡುಗರಿಗೆ ಎಗರ್ಟನ್ ರಿಚರ್ಡ್‌ಸನ್ ಹೆಸರೂ ಗೊತ್ತಿರಬೇಕು. ಜಮೈಕ ಇನ್ನೂ ಬ್ರಿಟಿಷರ ಕೈಕೆಳಗಿದ್ದಾಗಲೇ, 1959ರಲ್ಲಿ, ನಾರ್ಮನ್ ಮ್ಯಾನ್ಲಿ ಅವರ ಸರ್ಕಾರ ದಕ್ಷಿಣ ಆಫ್ರಿಕದ ಜೊತೆ ವ್ಯಾಪಾರವನ್ನು ನಿಷೇಧಿಸಿತು. 1962ರ ಆಗಸ್ಟ್‌ನಲ್ಲಿ ಸ್ವತಂತ್ರವಾದ ಮೇಲೆ ವಿಶ್ವಸಂಸ್ಥೆಗೆ ಹೋದ ಅದರ ಪ್ರತಿನಿಧಿಯೇ ರಿಚರ್ಡ್‌ಸನ್.

ಆಗಿನ ಪರಿಸ್ಥಿತಿ ಹೀಗಿತ್ತು: 1948ರ ಘೋಷಣೆಗೆ ಕಾನೂನಿನ ಬಲ ಇರಲಿಲ್ಲ. ಬಲ ಕೊಡುವ ಒಡಂಬಡಿಕೆಗಳು ವರ್ಷಗಟ್ಟಲೆ ಕಡತದಲ್ಲಿ ಕೊಳೆಯುತ್ತಿದ್ದವು. 1968ನ್ನು ಅಂತರರಾಷ್ಟ್ರೀಯ ಮಾನವ ಹಕ್ಕುಗಳ ವರ್ಷ ಎಂದು ಸಾರೋಣ, ಅಷ್ಟರೊಳಗೆ ಬಾಕಿ ಕೆಲಸ ಮುಗಿಸೋಣ ಎಂದು ಜಮೈಕ ಸೂಚಿಸಿತು. 1963ರ ಡಿಸೆಂಬರ್‌ನಲ್ಲಿ ಮಹಾಸಭೆ ಒಪ್ಪಿತು. ಗಡುವು ಹಾಕಿದ್ದರಿಂದ ಕೆಲಸ ಓಡಿತು. 1965ರಲ್ಲಿ ಜನಾಂಗೀಯ ತಾರತಮ್ಯ ನಿರ್ಮೂಲನದ ಒಡಂಬಡಿಕೆ ಬಂತು. ನೊಂದ ವ್ಯಕ್ತಿಯೇ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಬಹುದಾದ ದಾರಿ ಅದರಲ್ಲಿತ್ತು. ಆ ಜಾರಿ ವ್ಯವಸ್ಥೆಯನ್ನು ಕಟ್ಟುವುದರಲ್ಲಿ ಘಾನ, ಫಿಲಿಪ್ಪೀನ್ಸ್, ಮಾರಿಟೇನಿಯಾ ಮುಂದಿದ್ದವು. ಮರುವರ್ಷವೇ ಎರಡು ಮಹಾ ಒಡಂಬಡಿಕೆಗಳು, ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದೊಂದು, ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದ್ದೊಂದು, ಅಂಗೀಕಾರವಾದವು.

ನನ್ನನ್ನು ಕೇಳಿದರೆ ಇಡೀ ಚರಿತ್ರೆಯಲ್ಲಿ ಅತಿ ಹೆಚ್ಚು ಅನ್ಯಾಯವಾಗಿ ಮರೆತ ಅಧ್ಯಾಯ ಇದು. ಹಕ್ಕುಗಳ ಮಾತು 1948ರಲ್ಲಿ ಶುರುವಾಗಿ ನೇರ 1970ರ ದಶಕಕ್ಕೆ ಹಾರಿತು ಎಂಬಂತೆ ಪಾಠ ಮಾಡುತ್ತಾರೆ. ನಡುವೆ ಹೊಸದಾಗಿ ಬಿಡುಗಡೆಯಾದ ಆಫ್ರಿಕ, ಕೆರಿಬಿಯನ್ ದೇಶಗಳು ದುಡಿದ ದಶಕವನ್ನು ಯಾರೂ ಹೇಳುವುದಿಲ್ಲ.

"ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಶುರುವಾಗಿದ್ದು ಟ್ರಿನಿಡಾಡ್‌ನಿಂದ ಅಂತ ಕೇಳಿದೆ. ನಿಜವಾ?"

ನರಮೇಧ, ಯುದ್ಧಾಪರಾಧದಂಥ ಕೃತ್ಯ ಎಸಗಿದ ವ್ಯಕ್ತಿಗಳನ್ನು ವಿಚಾರಿಸುವ ಆ ಕೋರ್ಟಿನ ಕಲ್ಪನೆ ಹಳೆಯದು, ಆದರೆ ದೂಳು ಕೊಡವಿ ಮೇಲೆತ್ತಿದ್ದು ಟ್ರಿನಿಡಾಡ್ ಮತ್ತು ಟೊಬಾಗೊ. 1989ರಲ್ಲಿ ಪ್ರಧಾನಿ ಎ.ಎನ್.ಆರ್. ರಾಬಿನ್ಸನ್ ಮಹಾಸಭೆಯಲ್ಲಿ ವಿಷಯ ಎತ್ತಿದರು. ಮಾದಕ ವಸ್ತುಗಳ ಕಳ್ಳಸಾಗಣೆ ಜಾಲವನ್ನು ತಮ್ಮಂಥ ಪುಟ್ಟ ದೇಶ ಒಂಟಿಯಾಗಿ ಎದುರಿಸಲಾರದು ಎಂಬುದು ಅವರ ಚಿಂತೆಯಾಗಿತ್ತು. ಮರುವರ್ಷ ಅವರ ಸಂಸತ್ತಿಗೇ ಬಂದೂಕುಧಾರಿಗಳು ನುಗ್ಗಿ ಅವರನ್ನು ಒತ್ತೆಯಾಳಾಗಿ ಹಿಡಿದು ಕಾಲಿಗೆ ಗುಂಡು ಹೊಡೆದರು. ಬದುಕಿ ಬಂದವರು ಬೇಡಿಕೆ ಬಿಡಲಿಲ್ಲ. 1998ರ ಜುಲೈ 17ರಂದು ರೋಮ್‌ನಲ್ಲಿ ಕೋರ್ಟಿನ ಶಾಸನ ಅಂಗೀಕಾರವಾಯಿತು: ಪರ 120, ವಿರೋಧ 7, ತಟಸ್ಥ 21. ಭಾರತ ತಟಸ್ಥವಾಗಿತ್ತು, ಈಗಲೂ ಸದಸ್ಯನಲ್ಲ. ಅದನ್ನು ಮೊದಲು ಸ್ಥಿರೀಕರಿಸಿದ, ಅಂದರೆ ಅಧಿಕೃತವಾಗಿ ಒಪ್ಪಿ ಸೇರಿದ, ದೇಶ ಸೆನೆಗಲ್. ಕೋರ್ಟು 2002ರಲ್ಲಿ ಅಸ್ತಿತ್ವಕ್ಕೆ ಬಂತು. ಮಾದಕ ವಸ್ತುವಿನ ಅಪರಾಧ ಮಾತ್ರ ಅದರ ವ್ಯಾಪ್ತಿಗೆ ಸೇರಲಿಲ್ಲ.

"ಎಲ್ಲಾ ಸರಿ ಅಕ್ಕಾ, ಇದರಿಂದ ಜಗಳೂರು, ಚಳ್ಳಕೆರೆ ಜನಕ್ಕೆ ಏನು ಬಂತು?"

ಮೂರು ವಿಷಯ ಹೇಳುತ್ತೇನೆ.

ಮೊದಲನೆಯದು ಅಂಗವಿಕಲರ ಹಕ್ಕು. ಇದಕ್ಕೊಂದು ಒಡಂಬಡಿಕೆ ಬೇಕು ಎಂದು 2001ರಲ್ಲಿ ಕೇಳಿದ್ದು ಮೆಕ್ಸಿಕೊ. ಮಾತುಕತೆ ನಡೆಸಿಕೊಟ್ಟವರು ಮೊದಲು ಈಕ್ವೆಡಾರ್‌ನ ಲೂಯಿಸ್ ಗಯೇಗೋಸ್, ಆಮೇಲೆ ನ್ಯೂಜಿಲೆಂಡಿನ ಡಾನ್ ಮೆಕೆ. ಅಂಗವಿಕಲರ ಸಂಘಟನೆಗಳೇ ಒಳಗೆ ಕೂತು ಪಠ್ಯ ತಿದ್ದಿದವು. 2006ರಲ್ಲಿ ಒಡಂಬಡಿಕೆ ಬಂತು. ಮೊದಲು ಸ್ಥಿರೀಕರಿಸಿದ್ದು ಇದೇ ಜಮೈಕ. ಭಾರತ 2007ರಲ್ಲಿ ಸ್ಥಿರೀಕರಿಸಿ, ಅದಕ್ಕೆ ತಕ್ಕಂತೆ 2016ರ ಕಾಯ್ದೆ ತಂದಿತು. ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಕ್ಕೆ ಮಾನ್ಯತೆ ಇತ್ತು, ಈಗ 21. ಸರ್ಕಾರಿ ನೌಕರಿಯ ಮೀಸಲಾತಿ 3ರಿಂದ ಶೇಕಡ 4ಕ್ಕೆ ಏರಿತು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಜಿಲ್ಲಾಸ್ಪತ್ರೆಗೆ ಬರುವ, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಮಗುವಿನ ತಾಯಿಗೆ ಹಿಂದಿನ ಕಾಯ್ದೆಯಲ್ಲಿ ಜಾಗವೇ ಇರಲಿಲ್ಲ. ಕೈಯಲ್ಲಿ ಮಡಿಸಿದ ರಕ್ತದ ವರದಿ, ಆಧಾರ್ ಜೆರಾಕ್ಸ್ ಹಿಡಿದು ಕೂತ ಆ ತಾಯಿಗೂ ಮೆಕ್ಸಿಕೊಗೂ ಹೀಗೊಂದು ನಂಟಿದೆ.

ಎರಡನೆಯದು ಮನೆಗೆಲಸದವರದ್ದು. ದಾವಣಗೆರೆಯ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್ ಕಡೆ ಬೆಳಗಾಗುವ ಮೊದಲೇ ಮುಸುರೆ ತಿಕ್ಕಲು ಬರುವ ಹೆಂಗಸರು ದಿನಕ್ಕೆ ಮೂರು ನಾಲ್ಕು ಮನೆ ಮುಗಿಸುತ್ತಾರೆ, ಎಷ್ಟೋ ಜನಕ್ಕೆ ವಾರದ ರಜೆ ಎಂಬುದೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಒಡಂಬಡಿಕೆ ಇಂಥವರಿಗೆ ವಾರಕ್ಕೆ ಸತತ 24 ಗಂಟೆ ಬಿಡುವು ಇರಲೇಬೇಕು ಎನ್ನುತ್ತದೆ. ಮೊದಲು ಸ್ಥಿರೀಕರಿಸಿದ್ದು ಉರುಗ್ವೆ, ಎರಡನೆಯದು ಫಿಲಿಪ್ಪೀನ್ಸ್. ಭಾರತ ಇನ್ನೂ ಸ್ಥಿರೀಕರಿಸಿಲ್ಲ, ಮತ್ತು ಇದು ನನಗೆ ನೋವಿನ ವಿಷಯ.

ಮೂರನೆಯದು ನೀರು. ಬೊಲಿವಿಯಾದ ಕೊಚಬಂಬಾ ನಗರದಲ್ಲಿ 2000ದಲ್ಲಿ ನೀರು ಸರಬರಾಜನ್ನು ಖಾಸಗಿ ಕಂಪನಿಗೆ ಕೊಟ್ಟು ದರ ಏರಿಸಿದಾಗ ಜನ ಬೀದಿಗಿಳಿದು ಆ ಗುತ್ತಿಗೆಯನ್ನು ರದ್ದು ಮಾಡಿಸಿದರು. ಹತ್ತು ವರ್ಷದ ನಂತರ, 2010ರ ಜುಲೈ 28ರಂದು, ಕುಡಿಯುವ ನೀರು ಮತ್ತು ನೈರ್ಮಲ್ಯ ಮಾನವ ಹಕ್ಕು ಎನ್ನುವ ನಿರ್ಣಯವನ್ನು ಬೊಲಿವಿಯಾ ಮಹಾಸಭೆಯಲ್ಲಿ ಮಂಡಿಸಿ ಗೆದ್ದಿತು. 122 ದೇಶ ಪರವಾಗಿ ನಿಂತವು, ಭಾರತವೂ ಅದರಲ್ಲಿತ್ತು. 41 ದೇಶ ತಟಸ್ಥ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಊರಿನಲ್ಲಿ, ಶುದ್ಧ ನೀರಿನ ಘಟಕದ ಮುಂದೆ ಬಿಂದಿಗೆ ಹಿಡಿದು ನಿಂತವರಿಗೆ ಆ ಮತದಾನ ದೂರದ ಸುದ್ದಿಯಲ್ಲ. ಘಟಕ ಕೆಟ್ಟು ನಿಂತರೆ ರಿಪೇರಿ ಮಾಡಿಸಿ ಎಂದು ಪಂಚಾಯಿತಿಗೆ ಕೊಡುವ ಅರ್ಜಿಯಲ್ಲಿ ದಯವಿಟ್ಟು ಎಂದಷ್ಟೇ ಬರೆಯಬೇಡಿ, ನೀರು ನಮ್ಮ ಹಕ್ಕು ಎಂದೂ ಬರೆಯಿರಿ. ಬದುಕುವ ಹಕ್ಕಿನಲ್ಲಿ ಶುದ್ಧ ನೀರೂ ಸೇರಿದೆ ಎಂದು ನಮ್ಮ ಸುಪ್ರೀಂ ಕೋರ್ಟೂ ಹೇಳಿದೆ.

"ಈ ಸಣ್ಣ ದೇಶದವರೇನು ಸಾಚಾನಾ? ಅವರ ಊರಲ್ಲಿ ಹಕ್ಕು ಇತ್ತಾ?"

ಬಹಳ ಕಡೆ ಇರಲಿಲ್ಲ. ಮಿನರ್ವಾ ಬರ್ನಾರ್ದಿನೊ ಹೆಂಗಸರ ಸಮಾನತೆಗಾಗಿ ವಾದಿಸುತ್ತಿದ್ದಾಗ ಅವರ ದೇಶವನ್ನು ಆಳುತ್ತಿದ್ದವನು ಸರ್ವಾಧಿಕಾರಿ ತ್ರುಹಿಯೊ. ಸಾಂತಾ ಕ್ರೂಸ್ ಅವರ ಚಿಲಿಯಲ್ಲಿ 1973ರಲ್ಲಿ ಸೇನಾ ದಂಗೆಯಾಗಿ ಸಾವಿರಾರು ಜನ ಸತ್ತರು, ಕಾಣೆಯಾದರು.

ಮನೆಯ ಉದಾಹರಣೆಯೇ ಇದೆ. ಮಾನವ ಹಕ್ಕುಗಳ ಆಯೋಗ ಹುಟ್ಟಿದಾಗ ಮಂಡಳಿಯ ಅಧ್ಯಕ್ಷರಾಗಿದ್ದ ರಾಮಸ್ವಾಮಿ ಮೊದಲಿಯಾರ್, ದಿವಾನರಾಗಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಕೊಡಲು ಒಪ್ಪಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾದಾಗ ಸತ್ಯಾಗ್ರಹಿಗಳು ಜೈಲು ಸೇರಿದರು, 'ಆರ್ಕಾಟ್ ಬಾಯ್ಕಾಟ್' ಎಂದು ಜನ ಬೀದಿಯಲ್ಲಿ ಕೂಗಿದ್ದು ಇವರ ವಿರುದ್ಧವೇ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಸರ್ಕಾರ ಬಂದದ್ದು ಆ ಹೋರಾಟದಿಂದ.

ಹಾಗೆಂದು ಅವರು ಬರೆದದ್ದು ಸುಳ್ಳಾಗುವುದಿಲ್ಲ. ಬರೆದ ಕಾನೂನು ಬರೆದವರನ್ನೂ ಹಿಡಿಯುತ್ತದೆ. ಉರುಗ್ವೆ 1970ರಲ್ಲಿ, ಪ್ರಜಾಪ್ರಭುತ್ವ ಇದ್ದಾಗ, ತನ್ನ ಪ್ರಜೆಗಳು ನೇರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಬಹುದು ಎಂಬ ಪ್ರೋಟೊಕಾಲ್‌ಗೆ ಒಪ್ಪಿಗೆ ಹಾಕಿತ್ತು. 1973ರಲ್ಲಿ ಅಲ್ಲಿ ಸರ್ವಾಧಿಕಾರ ಬಂತು. 1979ರಲ್ಲಿ ಆ ಸಮಿತಿ ತನ್ನ ಮೊಟ್ಟಮೊದಲ ಅಂತಿಮ ಅಭಿಪ್ರಾಯ ಕೊಟ್ಟಾಗ ತಪ್ಪಿತಸ್ಥ ಎನಿಸಿಕೊಂಡದ್ದು ಉರುಗ್ವೆಯೇ.

## ಕಾನೂನು ಓದುವವರ ಪ್ರಶ್ನೆಗಳು

"ರೋಹಿಂಗ್ಯಾಗಳಿಗೂ ಗ್ಯಾಂಬಿಯಾಗೂ ಸಂಬಂಧವೇ ಇಲ್ಲ. ಕೇಸು ಹಾಕೋಕೆ ಅವರಿಗೆ ಹಕ್ಕೆಲ್ಲಿತ್ತು?"

ಮ್ಯಾನ್ಮಾರ್‌ನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳ ಮೇಲೆ ನರಮೇಧ ನಡೆದಿದೆ ಎಂದು ಗ್ಯಾಂಬಿಯಾ ಹೂಡಿದ ದಾವೆಯ ಪ್ರಶ್ನೆ ಇದು. ಇದರ ಉತ್ತರಕ್ಕೆ 1960ಕ್ಕೆ ಹೋಗಬೇಕು. ಆ ವರ್ಷ ಇಥಿಯೋಪಿಯಾ ಮತ್ತು ಲೈಬೀರಿಯಾ, ಈಗ ನಮೀಬಿಯಾ ಎನ್ನುವ ನಾಡಿನಲ್ಲಿ ವರ್ಣಭೇದ ನೀತಿ ಹೇರಿದ್ದಕ್ಕೆ ದಕ್ಷಿಣ ಆಫ್ರಿಕದ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಆರು ವರ್ಷ ವಿಚಾರಣೆ ನಡೆಯಿತು. ಅಷ್ಟರಲ್ಲಿ ಒಬ್ಬ ನ್ಯಾಯಾಧೀಶರು ತೀರಿಕೊಂಡಿದ್ದರು, ಒಬ್ಬರು ಕಾಯಿಲೆ ಬಿದ್ದಿದ್ದರು, ಇನ್ನೊಬ್ಬರು ಪೀಠದಿಂದ ಹೊರಗೆ ಉಳಿದಿದ್ದರು. 1966ರಲ್ಲಿ ಮತ 7–7 ಆಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ದಾವೆ ವಜಾ ಆಯಿತು. ಕಾರಣ: ಈ ವಿಷಯದಲ್ಲಿ ನಿಮಗೆ ಸ್ವಂತ ಕಾನೂನುಬದ್ಧ ಹಿತಾಸಕ್ತಿ ಇಲ್ಲ. ನೊಂದವರಿಗೆ ದಾವೆ ಹೂಡುವ ದಾರಿಯಿಲ್ಲ, ಹೂಡಿದವರಿಗೆ ನೋವಾಗಿಲ್ಲ ಎಂದಂತಾಯಿತು.

ಆಫ್ರಿಕ, ಏಷ್ಯಾ ಸಿಟ್ಟಿಗೆದ್ದವು. ಕೆಲವೇ ತಿಂಗಳಲ್ಲಿ ಮಹಾಸಭೆ ಆ ನಾಡಿನ ಮೇಲೆ ದಕ್ಷಿಣ ಆಫ್ರಿಕಕ್ಕಿದ್ದ ಆಡಳಿತಾಧಿಕಾರವನ್ನು ರದ್ದು ಮಾಡಿತು. 1970ರ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ, ಕೆಲವು ಬಾಧ್ಯತೆಗಳು ಇಡೀ ಅಂತರರಾಷ್ಟ್ರೀಯ ಸಮುದಾಯಕ್ಕೆ ಸಲ್ಲಬೇಕಾದವು ಎಂದಿತು. ನರಮೇಧ, ಗುಲಾಮಗಿರಿ, ಜನಾಂಗೀಯ ತಾರತಮ್ಯಗಳ ನಿಷೇಧ ಆ ಸಾಲಿನಲ್ಲಿ ಬಂತು. 1971ರ ಸಲಹಾ ಅಭಿಪ್ರಾಯದಲ್ಲಿ ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕ ಇರುವುದೇ ಅಕ್ರಮ ಎಂದಿತು. ನಮೀಬಿಯಾ 1990ರಲ್ಲಿ ಸ್ವತಂತ್ರವಾಯಿತು.

ಗ್ಯಾಂಬಿಯಾ ನಡೆದದ್ದು ಈ ದಾರಿಯಲ್ಲಿ. ಅದರ ಕಾನೂನು ಮಂತ್ರಿ ಅಬೂಬಕರ್ ತಂಬಾಡು ಮೊದಲು ರುವಾಂಡ ನರಮೇಧದ ನ್ಯಾಯಮಂಡಳಿಯಲ್ಲಿ ಅಭಿಯೋಜಕರಾಗಿದ್ದವರು. 2018ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರದಲ್ಲಿ ರೋಹಿಂಗ್ಯಾ ನಿರಾಶ್ರಿತರ ಮಾತು ಕೇಳುತ್ತಿದ್ದಾಗ ರುವಾಂಡದಲ್ಲಿ ಕೇಳಿದ ಸಾಕ್ಷ್ಯಗಳೇ ಅವರಿಗೆ ಮತ್ತೆ ಕೇಳಿಸಿದವು. 2019ರ ನವೆಂಬರ್ 11ರಂದು ಗ್ಯಾಂಬಿಯಾ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಿತು. 2020ರ ಜನವರಿ 23ರಂದು, ರೋಹಿಂಗ್ಯಾಗಳನ್ನು ರಕ್ಷಿಸಿ, ಸಾಕ್ಷ್ಯ ನಾಶ ಮಾಡಬೇಡಿ ಎಂದು ನ್ಯಾಯಾಲಯ ಒಮ್ಮತದ ಮಧ್ಯಂತರ ಆದೇಶ ಕೊಟ್ಟಿತು. ನಿನಗೇನು ಸಂಬಂಧ ಎಂಬ ಮ್ಯಾನ್ಮಾರ್‌ನ ಆಕ್ಷೇಪವನ್ನು 2022ರ ಜುಲೈ 22ರಂದು 15–1 ಮತದಿಂದ ತಳ್ಳಿಹಾಕಿತು. ನರಮೇಧ ಒಡಂಬಡಿಕೆಗೆ ಸೇರಿದ ಯಾವ ದೇಶವಾದರೂ ಕೇಳಬಹುದು, ಸ್ವತಃ ನೊಂದಿರಬೇಕಿಲ್ಲ. 1966ರಲ್ಲಿ ಲೈಬೀರಿಯಾದ ಮುಖಕ್ಕೆ ಮುಚ್ಚಿದ ಬಾಗಿಲು ತೆರೆದದ್ದು ಹೀಗೆ. 2023ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕ ಇಸ್ರೇಲ್ ವಿರುದ್ಧ ಅದೇ ನ್ಯಾಯಾಲಯಕ್ಕೆ ಹೋದದ್ದೂ ಇದೇ ಬಾಗಿಲಿಂದ. ಅಂದು ಪ್ರತಿವಾದಿಯಾಗಿದ್ದ ದೇಶ ಇಂದು ವಾದಿ.

"ಗ್ಯಾಂಬಿಯಾದ ಹಿಂದೆ ದೊಡ್ಡವರು ಇದ್ರಂತಲ್ಲ? ಸಣ್ಣ ದೇಶ ಬರೀ ಮುಖವಾಡ ಅಂತಾರೆ."

ಇಸ್ಲಾಮಿಕ್ ಸಹಕಾರ ಸಂಘಟನೆಯ ಬೆಂಬಲ ಇತ್ತು, ಅದು ಗುಟ್ಟೇನಲ್ಲ. ಅಂಥ ದಾವೆಗೆ ತಗಲುವ ಖರ್ಚನ್ನು ಗ್ಯಾಂಬಿಯಾದಂಥ ಬಡದೇಶ ಒಂಟಿಯಾಗಿ ಹೊರಲಾರದು. ಆದರೆ ಆ ಸಂಘಟನೆಯಲ್ಲಿ 57 ಸದಸ್ಯರಿದ್ದಾರೆ. ವಾದಿಯಾಗಿ ಸಹಿ ಹಾಕಲು ಮುಂದೆ ಬಂದದ್ದು, 22 ವರ್ಷ ಯಾಹ್ಯಾ ಜಮ್ಮೆಯ ದಬ್ಬಾಳಿಕೆಯಿಂದ ಆಗತಾನೆ ಹೊರಬಂದಿದ್ದ ಗ್ಯಾಂಬಿಯಾ.

"ಸಮುದ್ರ ಉಕ್ಕೋದು ಪರಿಸರದ ವಿಷಯ. ಅದು ಮಾನವ ಹಕ್ಕು ಹೇಗಾಗುತ್ತೆ?"

ಅದು ಹಕ್ಕಿನ ವಿಷಯವೇ ಎಂದು ಮೊದಲು ಒತ್ತಿ ಹೇಳಿದ ದೇಶ ಮಾಲ್ಡೀವ್ಸ್. 2007ರ ನವೆಂಬರ್‌ನಲ್ಲಿ ಸಣ್ಣ ದ್ವೀಪ ದೇಶಗಳು ಅದರ ರಾಜಧಾನಿ ಮಾಲೆಯಲ್ಲಿ ಸೇರಿ, ಹವಾಮಾನ ಬದಲಾವಣೆ ಮನುಷ್ಯರ ಹಕ್ಕನ್ನು ಕಸಿಯುತ್ತಿದೆ ಎಂದು ಘೋಷಿಸಿದವು. ಮುಂದಿನ ವರ್ಷವೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಆ ಮಾತನ್ನು ಎತ್ತಿಕೊಂಡಿತು.

ಎರಡನೇ ಹೆಜ್ಜೆ ಇಟ್ಟವರು ವಿದ್ಯಾರ್ಥಿಗಳು. 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ವನುವಾಟು ಆವರಣದಲ್ಲಿ ಕಾನೂನು ಓದುತ್ತಿದ್ದ 27 ಜನ, ಈ ಪ್ರಶ್ನೆಯನ್ನು ಹೇಗ್‌ಗೆ ಒಯ್ಯಿರಿ ಎಂದು ತಮ್ಮ ಸರ್ಕಾರಗಳಿಗೆ ದುಂಬಾಲು ಬಿದ್ದರು. ವನುವಾಟು ಒಪ್ಪಿಕೊಂಡು ದೇಶದಿಂದ ದೇಶಕ್ಕೆ ಅಲೆದು 130ಕ್ಕೂ ಹೆಚ್ಚು ಸಹಪ್ರಾಯೋಜಕರನ್ನು ಕೂಡಿಸಿತು. 2023ರ ಮಾರ್ಚ್ 29ರಂದು ಮಹಾಸಭೆ ಒಮ್ಮತದಿಂದ ನಿರ್ಣಯ ಮಾಡಿತು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದ ಅಭಿಪ್ರಾಯ ಕೊಟ್ಟಿತು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ತಪ್ಪಿದರೆ ಹೊಣೆ ಹೊರಬೇಕು, ಶುದ್ಧ ಪರಿಸರವಿಲ್ಲದೆ ಉಳಿದ ಹಕ್ಕುಗಳನ್ನು ಅನುಭವಿಸಲಾಗದು. ನಮ್ಮ ಕಾನೂನು ಕಾಲೇಜಿನ ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಪ್ರತಿಸಲವೂ ಹೆಮ್ಮೆಯಾಗುತ್ತದೆ. ಅವರದೇ ವಯಸ್ಸಿನವರು ಮಾಡಿದ ಕೆಲಸವಿದು.

"ತೀರ್ಪು ಬಂದ್ರೂ ದೊಡ್ಡವರು ಪಾಲಿಸಲ್ಲ. ಮತ್ಯಾಕೆ ಇಷ್ಟೆಲ್ಲ?"

ಸೋಲುಗಳೂ ಇವೆ. ತಮ್ಮ ನೆಲದಲ್ಲಿ ಅಮೆರಿಕದ 67 ಅಣುಪರೀಕ್ಷೆಗಳನ್ನು ಕಂಡ ಮಾರ್ಷಲ್ ದ್ವೀಪಗಳು 2014ರಲ್ಲಿ ಅಣ್ವಸ್ತ್ರ ದೇಶಗಳ ವಿರುದ್ಧ ದಾವೆ ಹೂಡಿದವು. ಭಾರತವೂ ಪ್ರತಿವಾದಿ. 2016ರಲ್ಲಿ, ನಿಮ್ಮ ನಡುವೆ ವ್ಯಾಜ್ಯವೇ ಇಲ್ಲ ಎಂದು ವಜಾ ಆಯಿತು. ಬ್ರಿಟನ್ ವಿರುದ್ಧದ ಪ್ರಕರಣದಲ್ಲಿ ಮತ 8–8, ಮತ್ತೆ ಅಧ್ಯಕ್ಷರ ನಿರ್ಣಾಯಕ ಮತ. ಜಾರಿ ಮಾಡಿಸಬೇಕಾದ ಭದ್ರತಾ ಮಂಡಳಿಯಲ್ಲಿ ವೀಟೊ ಕೂತಿದೆ.

ಆದರೂ ಹಿಂದೂ ಮಹಾಸಾಗರದಲ್ಲಿ ಬ್ರಿಟನ್ ಹಿಡಿದಿಟ್ಟುಕೊಂಡಿದ್ದ ಚಾಗೋಸ್ ದ್ವೀಪಗಳನ್ನು ನೋಡಿ. ಆ ದ್ವೀಪಗಳನ್ನು ಬ್ರಿಟನ್ ಬೇಗ ಬಿಟ್ಟುಕೊಡಬೇಕು ಎಂದು 2019ರಲ್ಲಿ ಹೇಗ್ ನ್ಯಾಯಾಲಯದಿಂದ ಮಾರಿಷಸ್ ಪರವಾಗಿ ಅಭಿಪ್ರಾಯ ಬಂತು, 13–1. ಅದು ಬರೀ ಸಲಹೆ ಎಂದು ಬ್ರಿಟನ್ ತಳ್ಳಿಹಾಕಿತು. ಆರು ವರ್ಷದ ನಂತರ, 2025ರ ಮೇ ತಿಂಗಳಲ್ಲಿ, ಸಾರ್ವಭೌಮತ್ವ ಮಾರಿಷಸ್‌ಗೆ ಎನ್ನುವ ಒಪ್ಪಂದಕ್ಕೆ ಅದೇ ಬ್ರಿಟನ್ ಸಹಿ ಹಾಕಿತು. ಅಲ್ಲಿಂದ ಒಕ್ಕಲೆಬ್ಬಿಸಲ್ಪಟ್ಟ ಚಾಗೋಸ್ ಜನರಲ್ಲಿ ಅನೇಕರು ತಮ್ಮನ್ನು ಸರಿಯಾಗಿ ಕೇಳಲಿಲ್ಲ ಎನ್ನುತ್ತಾರೆ, ಅವರ ದೂರು ನ್ಯಾಯವಾದದ್ದೇ.

"ಇದರ ಮೇಲೆ ಸಂಶೋಧನಾ ಪ್ರಬಂಧ ಬರೀಬೇಕು. ದಾವಣಗೆರೆಯಲ್ಲಿ ಕೂತು ಎಲ್ಲಿಂದ ಶುರು ಮಾಡ್ಲಿ?"

ಮೊಬೈಲ್ ಸಾಕು, ದುಡ್ಡು ಬೇಡ. ವಿಶ್ವಸಂಸ್ಥೆಯ ಡಿಜಿಟಲ್ ಗ್ರಂಥಾಲಯದಲ್ಲಿ 1948ರ ಮೂರನೇ ಸಮಿತಿಯ ನಡಾವಳಿಗಳು ಉಚಿತವಾಗಿ ಸಿಗುತ್ತವೆ. ಹೇಗ್ ನ್ಯಾಯಾಲಯದ ಜಾಲತಾಣದಲ್ಲಿ ತೀರ್ಪು, ಭಿನ್ನ ಅಭಿಪ್ರಾಯ, ವಕೀಲರ ವಾದದ ಪೂರ್ತಿ ವರದಿ ಇದೆ. ಈ ಹೆಸರುಗಳು ಮರೆಯಾಗಲು ಒಂದು ಕಾರಣವೇ ಈ ಕಡತಗಳನ್ನು ಯಾರೂ ಓದದೆ, ದೊಡ್ಡ ದೇಶದವರ ಆತ್ಮಕಥೆಗಳನ್ನೇ ಚರಿತ್ರೆ ಎಂದುಕೊಂಡದ್ದು.

ಇಡೀ ಘೋಷಣೆಗೆ ಕೈ ಹಾಕಬೇಡಿ. ಒಂದು ವಿಧಿ ಹಿಡಿಯಿರಿ, 25ನೆಯದಾದರೆ ಒಳ್ಳೆಯದು, ಅನ್ನ–ಮನೆ–ಔಷಧಿಯ ವಿಧಿ. ಅದು ಚರ್ಚೆಗೆ ಬಂದ ಬೈಠಕ್‌ಗಳ ನಡಾವಳಿ ಮಾತ್ರ ಇಳಿಸಿಕೊಂಡು, ಮಾತಾಡಿದ ಪ್ರತಿನಿಧಿ ಯಾರು, ಯಾವ ದೇಶ, ಯಾವ ತಿದ್ದುಪಡಿ, ಮತಕ್ಕೆ ಹಾಕಿದಾಗ ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ ಬರೆದುಕೊಳ್ಳಿ. ಅಷ್ಟಾದ ಮೇಲೆ ನಮ್ಮ ಸಂವಿಧಾನ ಸಭೆಯ ಚರ್ಚೆಗಳಲ್ಲಿ ಅದೇ ವಿಷಯ ಯಾವಾಗ ಬಂತು ಹುಡುಕಿ. ಅದೂ ಉಚಿತವಾಗಿ ಸಿಗುತ್ತದೆ, ಮತ್ತು ಅದೂ 1948ರಲ್ಲೇ ನಡೆಯುತ್ತಿತ್ತು. ಎರಡು ಪಟ್ಟಿಗಳನ್ನು ತಾರೀಕಿನ ಪ್ರಕಾರ ಪಕ್ಕಪಕ್ಕ ಇಟ್ಟು ನೋಡಿ, ಪ್ರಬಂಧದ ಮೊದಲ ಅಧ್ಯಾಯ ಅಲ್ಲಿಂದಲೇ ಶುರುವಾಗಲಿ.